ಕೀಹೇ ಕ್ಲಾರ್ಕ್‌ನ ಎರಡು ಪಾಸ್‌ಗಳು

ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹಳೆಯ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಮೊನ್ನೆ ಮತ್ತೆ ಅದೇ ಫಾರ್ವರ್ಡ್ ಬಂತು. ಮೇಲೆ ಸೂರ್ಯೋದಯದ ಚಿತ್ರ, ಕೆಳಗೆ ವರ್ಜೀನಿಯಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡದ ಕಥೆ. 2018ರಲ್ಲಿ ಲೋಕವೇ ನಗುವಂತೆ ಸೋತರು, ಛಲ ಬಿಡಲಿಲ್ಲ, 2019ರಲ್ಲಿ ರಾಷ್ಟ್ರೀಯ ಚಾಂಪಿಯನ್ನರಾದರು. ಕೊನೆಯ ಸಾಲು ಎಂದಿನದೇ: ಸೋಲೇ ಗೆಲುವಿನ ಮೆಟ್ಟಿಲು. ಕಳುಹಿಸಿದವನು ದಾವಣಗೆರೆಯ ಬಿಸಿಲಿನಲ್ಲಿ ಸಿಮೆಂಟ್ ಅಂಕಣದ ಮೇಲೆ ನನ್ನೊಂದಿಗೆ ಮೊಣಕಾಲು ತರಚಿಕೊಂಡವನೇ. ಅವನ ಮೇಲೆ ಕೋಪವಿಲ್ಲ. ಆದರೆ ಈ ಕಥೆಯನ್ನು ಇಷ್ಟು ನುಣ್ಣಗೆ ಅರೆದು ಬಡಿಸುವುದನ್ನು ಕಂಡಾಗಲೆಲ್ಲ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಕಾರಣ, ಆ ಎರಡು ಋತುಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮಗಳು ಆಗ ಆ ವಿಶ್ವವಿದ್ಯಾಲಯದ ಊರಾದ ಷಾರ್ಲಟ್ಸ್‌ವಿಲ್‌ನಲ್ಲಿ ಓದುತ್ತಿದ್ದಳು.

ಅವಳನ್ನು ಅಲ್ಲಿ ಬಿಟ್ಟು ಬಂದದ್ದು 2017ರ ಆಗಸ್ಟ್‌ನಲ್ಲಿ. ಅದಕ್ಕೆ ಒಂದು ವಾರದ ಹಿಂದಷ್ಟೇ ಪಂಜು ಹಿಡಿದ ಬಿಳಿಯ ಜನಾಂಗವಾದಿಗಳು ಅದೇ ಕ್ಯಾಂಪಸ್ಸಿನಲ್ಲಿ ಮೆರವಣಿಗೆ ಮಾಡಿದ್ದರು. ಮರುದಿನ ಊರಿನೊಳಗೆ ಒಬ್ಬ ಜನರ ಮೇಲೆ ಕಾರು ನುಗ್ಗಿಸಿ ಹೆದರ್ ಹೇಯರ್ ಎಂಬ ಯುವತಿಯನ್ನು ಕೊಂದಿದ್ದ. ಉತ್ತರ ವರ್ಜೀನಿಯಾದ ನಮ್ಮ ಮನೆಯಿಂದ ಆ ಊರಿಗೆ ಎರಡು ಗಂಟೆಗೂ ಹೆಚ್ಚಿನ ದಾರಿ. ಕಾರಿನ ಹಿಂದೆ ಹಾಸಿಗೆ, ಪ್ರೆಷರ್ ಕುಕ್ಕರ್, ಚಟ್ನಿಪುಡಿಯ ಡಬ್ಬಿ. ಮುಂದೆ ನಾವಿಬ್ಬರೂ ತುಟಿ ಬಿಚ್ಚಲಿಲ್ಲ. ಮುಂದೆ ತಂಡ ಗೆದ್ದಾಗ ಕೆಲವರು ‘ಬ್ಯಾಸ್ಕೆಟ್‌ಬಾಲ್ ಊರಿನ ಗಾಯ ಮಾಯಿಸಿತು’ ಎಂದು ಬರೆದರು. ಚೆಂಡು ಬುಟ್ಟಿಗೆ ಬಿದ್ದರೆ ಸತ್ತವರ ತಾಯಿಗೆ ಏನು ಸಿಗುತ್ತದೆ? ಆಟದ ಮೇಲೆ ಅಷ್ಟು ಭಾರ ಹೊರಿಸಬಾರದು. ಅದಿರಲಿ.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಮಾರ್ಚ್ ತಿಂಗಳಲ್ಲಿ 68 ತಂಡಗಳ ಟೂರ್ನಿ, ಸೋತವರು ಆ ದಿನವೇ ಮನೆಗೆ. ನಾಲ್ಕು ವಿಭಾಗಗಳು, ಪ್ರತಿಯೊಂದರಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ. ಮೊದಲ ಸುತ್ತಿನಲ್ಲಿ ಒಂದನೆಯವರಿಗೆ ಹದಿನಾರನೆಯವರು ಎದುರಾಳಿ, ಹಬ್ಬದ ಊಟಕ್ಕೆ ಮುಂಚಿನ ಕೋಸಂಬರಿಯಂತೆ. 1985ರಿಂದ ಪುರುಷರ ಟೂರ್ನಿಯಲ್ಲಿ ಇಂಥ 135 ಪಂದ್ಯಗಳು ನಡೆದಿದ್ದವು. 135ರಲ್ಲೂ ಒಂದನೆಯವರೇ ಗೆದ್ದಿದ್ದರು. (ಮಹಿಳೆಯರಲ್ಲಿ 1998ರಲ್ಲೇ ಹಾರ್ವರ್ಡ್ ತಂಡ ಸ್ಟ್ಯಾನ್‌ಫರ್ಡ್‌ಗೆ ಈ ರುಚಿ ತೋರಿಸಿತ್ತು. ‘ಇತಿಹಾಸದಲ್ಲೇ ಮೊದಲು’ ಎನ್ನುವ ಗಂಡಸರಿಗೆ ಅದು ನೆನಪಿರುವುದಿಲ್ಲ.)

2018ರ ಮಾರ್ಚ್ 16, ಶುಕ್ರವಾರ ರಾತ್ರಿ, ಉತ್ತರ ಕ್ಯಾರೊಲಿನಾದ ಷಾರ್ಲಟ್ ನಗರ. ಇಡೀ ಟೂರ್ನಿಗೇ ಅಗ್ರ ಶ್ರೇಯಾಂಕ ಪಡೆದಿದ್ದ ವರ್ಜೀನಿಯಾಕ್ಕೆ ಎದುರಾದದ್ದು ಬಾಲ್ಟಿಮೋರ್ ಪಕ್ಕದ ಯುಎಂಬಿಸಿ, ಅಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಲ್ಟಿಮೋರ್ ಕೌಂಟಿ ಶಾಖೆ. ಅಲ್ಲಿಯವರೆಗೆ ಆ ಕಾಲೇಜು ಆಟಕ್ಕೆ ಹೆಸರಾಗಿದ್ದರೆ ಅದು ಚದುರಂಗಕ್ಕೆ. ಅಲ್ಲಿ ಎಂ.ಎಸ್. ಓದಿದ ನಮ್ಮ ಕನ್ನಡದ ಹುಡುಗರು ಕೆಲವರು ನನಗೆ ಗೊತ್ತು, ತಮ್ಮ ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ತಂಡ ಇರುವುದೇ ಆ ರಾತ್ರಿ ತಿಳಿಯಿತು ಎಂದವರೂ ಅವರಲ್ಲಿ ಇದ್ದಾರೆ. ಅರ್ಧ ಸಮಯಕ್ಕೆ 21–21. ಮುಗಿದಾಗ 74–54. ಜೈರಸ್ ಲೈಲ್ಸ್ ಒಬ್ಬನೇ 28 ಅಂಕ. ಕೂದಲೆಳೆಯ ಸೋಲಲ್ಲ, ಇಪ್ಪತ್ತು ಅಂಕಗಳ ಸೋಲು. ಮಗಳು ಫೋನ್ ಮಾಡಿ ಏನೂ ಮಾತನಾಡದೆ ಇಟ್ಟಳು. ಎರಡು ದಿನ ಕಳೆದರೆ ಯುಗಾದಿ. ಬೇವು–ಬೆಲ್ಲದ ಮಾತನ್ನು ಇಲ್ಲಿ ತರುವುದಿಲ್ಲ, ಹೆದರಬೇಡಿ.

ಮರುದಿನದಿಂದ ಪಂಡಿತರ ಸರದಿ. ತರಬೇತುದಾರ ಟೋನಿ ಬೆನೆಟ್ ಅವರ ಆಟವೇ ತಪ್ಪು ಎಂದರು. ಬೆನೆಟ್ ಅವರ ರಕ್ಷಣೆಯ ಪದ್ಧತಿಗೆ ‘ಪ್ಯಾಕ್ ಲೈನ್’ ಎಂದು ಹೆಸರು, ಅವರ ತಂದೆ ಡಿಕ್ ಬೆನೆಟ್ ರೂಪಿಸಿದ್ದು. ಹೊಲದ ಬೇಲಿಯುದ್ದಕ್ಕೂ ಓಡಾಡಿ ಕಳ್ಳನನ್ನು ಅಟ್ಟುವ ಬದಲು ಎಲ್ಲರೂ ಮನೆಯ ಬಾಗಿಲಿಗೆ ಹತ್ತಿರ ನಿಂತು ಕಾಯುವ ಉಪಾಯ. ಚೆಂಡು ಹಿಡಿದವನ ಮೇಲೆ ಒಬ್ಬ ಒತ್ತಡ ಹಾಕುತ್ತಾನೆ, ಉಳಿದ ನಾಲ್ವರು ಬುಟ್ಟಿಯ ಸುತ್ತ ಕಾಣದ ಗೆರೆಯೊಂದರೊಳಗೆ ಒತ್ತಾಗಿ ನಿಂತು ಒಳನುಗ್ಗುವ ದಾರಿಗಳನ್ನೆಲ್ಲ ಮುಚ್ಚುತ್ತಾರೆ. ಹೊರಗಿನಿಂದ ಎಸೆಯುತ್ತೀಯಾ, ಎಸೆ. ಇನ್ನು ಚೆಂಡು ತಮ್ಮ ಕೈಗೆ ಬಂದರೆ ಮೂವತ್ತು ಸೆಕೆಂಡಿನ ಗಡುವಿನಲ್ಲಿ ಇಪ್ಪತ್ತೈದನ್ನು ನುಂಗಿ ಆಮೇಲೆ ಎಸೆಯುವುದು. ನೋಡುವವರಿಗೆ ಆಕಳಿಕೆ, ಆಡುವ ಎದುರಾಳಿಗೆ ಹಲ್ಲುನೋವು. ದ್ರಾವಿಡ್ ಬ್ಯಾಟಿಂಗ್ ನೋಡುತ್ತ ಬೆಳೆದ ನನಗೆ ಇದರಲ್ಲಿ ಏನೂ ಕೊರತೆ ಕಾಣಲಿಲ್ಲ. ಪಂಡಿತರ ವಾದ ಬೇರೆ: ಇಷ್ಟು ನಿಧಾನ ಆಡಿದರೆ ಅಂಕಗಳೇ ಕಡಿಮೆ, ಅಂಕ ಕಡಿಮೆಯಾದರೆ ದುರ್ಬಲನೂ ಹತ್ತಿರದಲ್ಲೇ ಉಳಿಯುತ್ತಾನೆ, ಒಂದು ಕೆಟ್ಟ ರಾತ್ರಿ ಸಾಕು.

ವಾದ ಸುಳ್ಳಲ್ಲ. ಆದರೆ ಮುಂದಿನ ವರ್ಷ ನಡೆದದ್ದನ್ನು ನೋಡಿ. 2018–19ರಲ್ಲಿ ವರ್ಜೀನಿಯಾ ದೇಶದಲ್ಲೇ ಅತ್ಯಂತ ನಿಧಾನವಾಗಿ ಆಡಿದ ತಂಡ. ಆಕ್ರಮಣದಲ್ಲಿ ಹೊಸದೊಂದು ಚಲನೆ ಸೇರಿಸಿಕೊಂಡರು, ಹಿಂದಿನ ವರ್ಷ ಮಣಿಕಟ್ಟು ಮುರಿದು ಟೂರ್ನಿಗೆ ಇಲ್ಲದಿದ್ದ ಡಿಆ್ಯಂಡ್ರೆ ಹಂಟರ್ ಮರಳಿದ, ಮೊದಲ ವರ್ಷದ ಪುಟ್ಟ ಹುಡುಗ ಕೀಹೇ ಕ್ಲಾರ್ಕ್ ಬಂದ. ಅಡಿಪಾಯ ಮಾತ್ರ ಅದೇ. ಒಟ್ಟು 35 ಗೆಲುವು, 3 ಸೋಲು. ಸೋಲುಗಳಲ್ಲಿ ಎರಡು ಡ್ಯೂಕ್ ಕೈಯಲ್ಲಿ, ಒಂದು ಫ್ಲಾರಿಡಾ ಸ್ಟೇಟ್ ಕೈಯಲ್ಲಿ. ಆಟವೇ ತಪ್ಪು ಎಂದಿದ್ದ ಅದೇ ಬಾಯಿಗಳು ಏಪ್ರಿಲ್‌ನಲ್ಲಿ ‘ತತ್ವಕ್ಕೆ ಅಂಟಿಕೊಂಡ ತರಬೇತುದಾರ’ ಎಂದು ಹೊಗಳಿದವು.

ನಡುವೆ ಏನಾಯಿತು? ಫಾರ್ವರ್ಡ್ ಬರೆದವರು ನುಂಗಿಕೊಂಡದ್ದು ಅದನ್ನೇ.

ಮೊದಲ ಸುತ್ತಿನಲ್ಲಿ ಗಾರ್ಡ್ನರ್–ವೆಬ್ ಎಂಬ ಹದಿನಾರನೆಯ ಶ್ರೇಯಾಂಕದವರು 14 ಅಂಕಗಳಿಂದ ಮುಂದಿದ್ದರು. ನಮ್ಮ ಮನೆಯಲ್ಲಿ ಯಾರೂ ಕುರ್ಚಿಯಿಂದ ಅಲುಗಾಡಲಿಲ್ಲ. ಹೇಗೋ ದಾಟಿತು. ಓಕ್ಲಹೋಮಾ, ಆರೆಗನ್ ಎದುರಿನ ಪಂದ್ಯಗಳೂ ದಾಟಿದವು. ಆಮೇಲೆ ಮಾರ್ಚ್ 30, ಲೂಯಿವಿಲ್ ನಗರದಲ್ಲಿ ಪರ್ಡ್ಯೂ. ಆ ರಾತ್ರಿ ಕಾರ್ಸನ್ ಎಡ್ವರ್ಡ್ಸ್ ಮೂರಂಕದ ಹತ್ತು ಎಸೆತ ಹಾಕಿ ಒಟ್ಟು 42 ಅಂಕ ಗಳಿಸಿದ. ಕೆಲವನ್ನು ಎಲ್ಲಿಂದ ಎಸೆದನೆಂದರೆ, ನಮ್ಮ ಕಾಲೇಜಿನಲ್ಲಿ ಹಾಗೆ ಎಸೆದಿದ್ದರೆ ಪಿ.ಇ. ಮೇಷ್ಟ್ರು ಕಿವಿ ಹಿಂಡುತ್ತಿದ್ದರು. ಆರು ಸೆಕೆಂಡು ಬಾಕಿ ಇದ್ದಾಗ ವರ್ಜೀನಿಯಾ ಮೂರು ಅಂಕ ಹಿಂದೆ. ಟೈ ಜೆರೋಮ್‌ಗೆ ಎರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡಬರದೆ ಎಸೆಯುವ ಒಂದೊಂದು ಅಂಕದ ಅವಕಾಶ. ಒಂದು ಬಿತ್ತು. ಇನ್ನೊಂದು ತಪ್ಪಿತು. ತಪ್ಪಿದ ಚೆಂಡನ್ನು ಮಮಾಡಿ ಡಿಯಾಕಿಟೆ ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದ. ಅದು ಉರುಳುತ್ತ ಅಂಕಣದ ಆಚೆಯ ಅರ್ಧಕ್ಕೆ ಹೋಯಿತು. 5 ಅಡಿ 9 ಇಂಚಿನ ಕ್ಲಾರ್ಕ್ ಅದರ ಹಿಂದೆ ಓಡಿ ಹಿಡಿದ. ಜೆರೋಮ್ ತನಗೆ ಕೊಡು ಎಂದು ಕೈ ಮಾಡುತ್ತಿದ್ದ. ಆ ಹುಡುಗ ಅವನತ್ತ ನೋಡದೆ ದೂರದಲ್ಲಿ ಬುಟ್ಟಿಯ ಹತ್ತಿರ ನಿಂತಿದ್ದ ಡಿಯಾಕಿಟೆಗೆ ನೇರ ಗೆರೆ ಎಳೆದಂತೆ ಚೆಂಡು ಕಳುಹಿಸಿದ. ಡಿಯಾಕಿಟೆ ಹಿಡಿದ, ಎಸೆದ, ಗಂಟೆ ಹೊಡೆಯಿತು, ಚೆಂಡು ಬಿತ್ತು. 70–70. ಹೆಚ್ಚುವರಿ ಅವಧಿಯಲ್ಲಿ 80–75.

ಆ ಪಾಸನ್ನು ನಾನು ನೂರು ಸಲವಾದರೂ ನೋಡಿರಬೇಕು. ಮೊದಲ ವರ್ಷದ ಹುಡುಗನಿಗೆ ಆ ನಾಲ್ಕೈದು ಸೆಕೆಂಡುಗಳಲ್ಲಿ ಅಷ್ಟು ತಣ್ಣನೆಯ ತಲೆ ಎಲ್ಲಿಂದ ಬಂತೋ. ಆದರೆ ಚೆಂಡು ಒಂದು ಗೇಣು ಆಚೆ ಪುಟಿದಿದ್ದರೆ ಆ ತಲೆಯನ್ನು ಯಾರೂ ನೋಡುತ್ತಲೇ ಇರಲಿಲ್ಲ.

ಏಪ್ರಿಲ್ 6, ಮಿನಿಯಾಪೊಲಿಸ್‌ನಲ್ಲಿ ಸೆಮಿಫೈನಲ್, ಆಬರ್ನ್ ಎದುರು. ಆ ವರ್ಷದ ಯುಗಾದಿಯೂ ಅಂದೇ. ಒಬ್ಬಟ್ಟು ತಟ್ಟೆಯಲ್ಲೇ ಆರಿತು. ಹತ್ತು ಅಂಕಗಳ ಮುನ್ನಡೆಯನ್ನು ಕೈಚೆಲ್ಲಿದರು. ಕೊನೆಯ ಕ್ಷಣಗಳಲ್ಲಿ ಜೆರೋಮ್ ಕಾಲಿಗೆ ಚೆಂಡು ತಾಗಿ ಕೈ ತಪ್ಪಿತು, ಎರಡೂ ಕೈಯಲ್ಲಿ ಎತ್ತಿಕೊಂಡು ಮತ್ತೆ ಪುಟಿಸಿದ. ಹಿಡಿದ ಚೆಂಡನ್ನು ಹಾಗೆ ಮತ್ತೆ ಪುಟಿಸುವುದು ತಪ್ಪು, ಸ್ಪಷ್ಟವಾದ ಡಬಲ್ ಡ್ರಿಬಲ್. ತೀರ್ಪುಗಾರರು ಊದಲಿಲ್ಲ. ಊದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. 0.6 ಸೆಕೆಂಡು ಉಳಿದಾಗ ಕೈಲ್ ಗೈ ಮೂಲೆಯಿಂದ ಎಸೆದ, ತಪ್ಪಿತು, ಆದರೆ ಎದುರಾಳಿ ಅವನಿಗೆ ತಾಗಿದ್ದ. ಮೂರು ಫ್ರೀ ಥ್ರೋ. ಅಂಕಣದಲ್ಲಿ ಅವನೊಬ್ಬನೇ, ಸುತ್ತ ಎಪ್ಪತ್ತು ಸಾವಿರ ಜನ. ಮೂರನ್ನೂ ಹಾಕಿದ. 63–62.

ಗೈ ಬಗ್ಗೆ ಇಲ್ಲಿ ಒಂದು ಮಾತು. 2018ರ ಸೋಲಿನ ನಂತರ ತನ್ನ ಆತಂಕದ ಕಾಯಿಲೆಯ ಬಗ್ಗೆ ಈ ಹುಡುಗ ಬಹಿರಂಗವಾಗಿ ಬರೆದುಕೊಂಡಿದ್ದ. ಷಾರ್ಲಟ್‌ನಲ್ಲಿ ತಾನು ಕುಸಿದು ಬಾಗಿ ನಿಂತಿದ್ದ ಫೋಟೊವನ್ನು ಮೊಬೈಲ್ ಪರದೆಯ ಮೇಲೆ ಇಟ್ಟುಕೊಂಡಿದ್ದ. ಆ ಮೂರು ಎಸೆತ ಹಾಕಿದ್ದಕ್ಕಿಂತ ಇದು ನನಗೆ ದೊಡ್ಡದು. ಎಸೆತ ತಪ್ಪಿದ್ದರೂ ಆ ಬರಹ ಇರುತ್ತಿತ್ತು.

ಏಪ್ರಿಲ್ 8ರ ಫೈನಲ್ಲಿನಲ್ಲೂ ಇದೇ ಪಾಡು. ಟೆಕ್ಸಾಸ್ ಟೆಕ್ ಮೂರು ಅಂಕ ಮುಂದಿದ್ದಾಗ ಹಂಟರ್ ಮೂಲೆಯಿಂದ ಮೂರಂಕದ ಎಸೆತ ಹಾಕಿ 68–68 ಮಾಡಿದ. ಹೆಚ್ಚುವರಿ ಅವಧಿಯಲ್ಲಿ ಹೊರಹೋದ ಚೆಂಡನ್ನು ಮೊದಲು ಟೆಕ್ಸಾಸ್ ಟೆಕ್‌ಗೆ ಕೊಟ್ಟಿದ್ದ ತೀರ್ಪುಗಾರರು ವಿಡಿಯೊ ನೋಡಿದಾಗ ಅವರದೇ ಆಟಗಾರನ ಕಿರುಬೆರಳಿಗೆ ಅದು ಸವರಿದ್ದು ಕಂಡಿತು. ಕಿರುಬೆರಳು! 85–77. ಹಂಟರ್ 27 ಅಂಕ. ವರ್ಜೀನಿಯಾದ ಮೊದಲ ಪ್ರಶಸ್ತಿ. ಆ ರಾತ್ರಿ ಮಗಳು ಮತ್ತೆ ಫೋನ್ ಮಾಡಿದಳು, ಈ ಸಲವೂ ಮಾತು ಕೇಳಿಸಲಿಲ್ಲ, ಬೀದಿಯ ತುಂಬ ಕೂಗು.

ಸೋಲು ಮೆಟ್ಟಿಲಾಯಿತಂತೆ. ಸತತ ಮೂರು ಪಂದ್ಯಗಳಲ್ಲಿ ಕೊನೆಯ ಹದಿಮೂರು ಸೆಕೆಂಡುಗಳೊಳಗೆ ಹಿಂದೆ ಇದ್ದ ತಂಡವಿದು. ಒಂದು ಪುಟಿತ, ಒಂದು ಊದದ ಸೀಟಿ, ಒಂದು ಮೂಲೆಯ ಎಸೆತ. ಇವುಗಳಲ್ಲಿ ಯಾವುದೊಂದು ಕೈಕೊಟ್ಟಿದ್ದರೂ ಅದೇ ಹುಡುಗರು, ಅದೇ ಬೆವರು, ಅದೇ ಛಲ, ಆದರೆ ಫಾರ್ವರ್ಡ್ ಇಲ್ಲ. ಅವರು ಶ್ರಮಪಡಲಿಲ್ಲ ಎಂದು ಹೇಳುತ್ತಿಲ್ಲ. ಶ್ರಮ ಅವರನ್ನು ಆ ಬಾಗಿಲವರೆಗೆ ಕರೆದೊಯ್ದಿತು, ಬಾಗಿಲನ್ನು ಗಾಳಿ ತೆರೆಯಿತು. ಗಾಳಿಯ ಪಾಲನ್ನೂ ಛಲದ ಖಾತೆಗೆ ಜಮಾ ಮಾಡುವುದು ನನಗೆ ಒಗ್ಗುವುದಿಲ್ಲ. ಹಾಗೆ ಮಾಡಿದರೆ ಆಬರ್ನ್ ಹುಡುಗರಿಗೆ ಛಲ ಕಡಿಮೆಯಿತ್ತು ಎಂದೂ ಹೇಳಬೇಕಾಗುತ್ತದೆ.

ಈಗ ಗೆಳೆಯನಿಗೆ ನನ್ನ ನಿಜವಾದ ಪ್ರಶ್ನೆ. 2023ರ ಮಾರ್ಚ್ 16 ಗೊತ್ತೇ? ಯುಎಂಬಿಸಿ ಸೋಲಿಗೆ ಸರಿಯಾಗಿ ಐದು ವರ್ಷ, ದಿನಾಂಕವೂ ಅದೇ. ಊರು ಓರ್ಲ್ಯಾಂಡೊ, ಎದುರಾಳಿ ಹದಿಮೂರನೆಯ ಶ್ರೇಯಾಂಕದ ಫರ್ಮನ್. ಕೀಹೇ ಕ್ಲಾರ್ಕ್ ಈಗ ಐದನೆಯ ವರ್ಷದ ಹಿರಿಯ, ಕೋವಿಡ್ ಕಾರಣಕ್ಕೆ ಎಲ್ಲರಿಗೂ ಸಿಕ್ಕ ಹೆಚ್ಚುವರಿ ವರ್ಷ ಅದು. ವರ್ಜೀನಿಯಾದ ಇತಿಹಾಸದಲ್ಲೇ ಅತಿ ಹೆಚ್ಚು ಅಸಿಸ್ಟ್, ಅಂದರೆ ಜೊತೆಗಾರನಿಗೆ ಅಂಕ ತಂದುಕೊಟ್ಟ ಪಾಸ್‌ಗಳು, ಅವನ ಹೆಸರಿನಲ್ಲಿವೆ. ಕೆಲವೇ ಸೆಕೆಂಡು ಬಾಕಿ, ಎರಡು ಅಂಕ ಮುಂದೆ, ಚೆಂಡು ಅವನ ಕೈಯಲ್ಲಿ. ಮೂಲೆಯಲ್ಲಿ ಇಬ್ಬರು ಸುತ್ತುವರಿದರು. ಸುಮ್ಮನೆ ಹಿಡಿದು ನಿಂತಿದ್ದರೂ ಆಗುತ್ತಿತ್ತು, ಟೈಮ್‌ಔಟ್ ಕೇಳಿದ್ದರೂ ಆಗುತ್ತಿತ್ತು. ಅವನು ಚೆಂಡನ್ನು ಎತ್ತಿ ಎಸೆದ. ಫರ್ಮನ್ ಹುಡುಗ ಹಿಡಿದ, ಗೆಳೆಯನಿಗೆ ದಾಟಿಸಿದ, ಅವನು ಮೂರಂಕದ ಎಸೆತ ಹಾಕಿದ. 68–67.

ಅದೇ ಕೈ. ಅದೇ ತಣ್ಣನೆಯ ತಲೆ. ನಾಲ್ಕು ವರ್ಷಗಳ ಅನುಭವ ಹೆಚ್ಚೇ. ಈ ಪಾಸ್ ಯಾವ ಮೆಟ್ಟಿಲು? ಇದಕ್ಕೆ ಸೂರ್ಯೋದಯದ ಚಿತ್ರವೇಕೆ ಇಲ್ಲ? ಮರುದಿನವೇ ಪರ್ಡ್ಯೂ ಕೂಡ ಹದಿನಾರನೆಯ ಶ್ರೇಯಾಂಕದ ಫೇರ್ಲೀ ಡಿಕಿನ್ಸನ್‌ಗೆ ಸೋತಿತು. ಪುರುಷರಲ್ಲಿ ಅಂಥ ಎರಡನೆಯ ಸೋಲು. ಪರ್ಡ್ಯೂ ಹುಡುಗರೂ ಛಲ ಹಿಡಿದು ಮುಂದಿನ ವರ್ಷ ಫೈನಲ್‌ವರೆಗೆ ಬಂದರು, ಅಲ್ಲಿ ಕನೆಕ್ಟಿಕಟ್ ಅವರನ್ನು 75–60ರಿಂದ ಸೋಲಿಸಿತು. ಅವರ ಕಥೆ ನಮ್ಮ ಗುಂಪಿಗೆ ಬಂದದ್ದನ್ನು ನಾನು ನೋಡಿಲ್ಲ.

ಬೆನೆಟ್ ಅವರೂ 2019ರ ಆ ರಾತ್ರಿಯ ನಂತರ ಈ ಟೂರ್ನಿಯಲ್ಲಿ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. 2024ರ ಅಕ್ಟೋಬರ್‌ನಲ್ಲಿ, ಋತು ಆರಂಭಕ್ಕೆ ಮೂರು ವಾರಗಳಷ್ಟೇ ಇದ್ದಾಗ, ನಿವೃತ್ತಿ ಘೋಷಿಸಿದರು. ಆಟಗಾರರಿಗೆ ಹಣ ಸಿಗುವುದು ನ್ಯಾಯವೇ, ಆದರೆ ಪ್ರತಿ ವರ್ಷ ತಂಡ ಬದಲಿಸುವ ಈ ಹೊಸ ಸಂತೆಯಲ್ಲಿ ತಾನು ಸರಿಯಾದ ಮನುಷ್ಯನಲ್ಲ ಎಂಬ ಅರ್ಥದ ಮಾತು ಆಡಿದರು. ಚಾಂಪಿಯನ್ ಆದ ವರ್ಷ ಸಂಬಳ ಹೆಚ್ಚಿಸುತ್ತೇವೆ ಎಂದರೆ ಬೇಡ ಎಂದಿದ್ದವರು ಅವರು. ಷಾರ್ಲಟ್‌ನ ಆ ರಾತ್ರಿಯೂ ನೆಪ ಹುಡುಕದೆ, ಎದುರಾಳಿ ತಮಗಿಂತ ಚೆನ್ನಾಗಿ ಆಡಿತು ಎಂದು ಒಪ್ಪಿಕೊಂಡಿದ್ದರು. ಅವರನ್ನು ಮೆಚ್ಚಲು ನನಗೆ ಆ ರಾತ್ರಿಯೇ ಸಾಕಾಗಿತ್ತು.

ಅವರ ಜಾಗಕ್ಕೆ 2025ರ ಮಾರ್ಚ್‌ನಲ್ಲಿ ಯಾರು ಬಂದರು ಗೊತ್ತೇ? ರಯಾನ್ ಓಡಮ್. 2018ರಲ್ಲಿ ಯುಎಂಬಿಸಿಯ ತರಬೇತುದಾರರಾಗಿ ವರ್ಜೀನಿಯಾವನ್ನು ಇಪ್ಪತ್ತು ಅಂಕಗಳಿಂದ ಬಡಿದವರೇ. ಅವರ ತಂದೆ ಎಂಬತ್ತರ ದಶಕದಲ್ಲಿ ವರ್ಜೀನಿಯಾದ ಸಹಾಯಕ ತರಬೇತುದಾರರಾಗಿದ್ದರು, ಹುಡುಗ ರಯಾನ್ ಅಲ್ಲಿ ಚೆಂಡು ಎತ್ತಿಕೊಡುತ್ತಿದ್ದವನು.

ಸುದ್ದಿ ಬಂದ ದಿನ ಮಗಳು ರಿಚ್ಮಂಡ್‌ನಿಂದ ಫೋನ್ ಮಾಡಿದಳು. ಈ ಸಲ ಮಾತು ಧಾರಾಳವಾಗಿತ್ತು. ‘ಪಂದ್ಯ ನೋಡಲು ಹೋಗೋಣ, ಆದರೆ ಆ ಮನುಷ್ಯನಿಗೆ ಮಾತ್ರ ನಾನು ಚಪ್ಪಾಳೆ ತಟ್ಟುವುದಿಲ್ಲ’ ಎಂದಳು. ನವೆಂಬರ್‌ನಲ್ಲಿ ಹೋದೆವು. ತಟ್ಟಿದಳು.