ಯಾರ ಕ್ರೀಮು, ಯಾರ ಮೈ

ವಾರದ ಶುಲ್ಕ ಕೇಳುವುದಕ್ಕೆ ನನಗೆ ಸಂಕೋಚವಿಲ್ಲ. ಸಂಜೆ ಮಗುವನ್ನು ಕರೆದೊಯ್ಯಲು ತಡಮಾಡಿ ಬಂದವರಿಂದ ತಡದ ಶುಲ್ಕ ವಸೂಲು ಮಾಡುವಾಗಲೂ ದನಿ ನಡುಗುವುದಿಲ್ಲ. ಆದರೆ "ನಿಮ್ಮ ಮಗುವಿನ ಸನ್‌ಸ್ಕ್ರೀನ್ ಮುಗಿದಿದೆ, ಹೊಸ ಟ್ಯೂಬ್ ತಂದುಕೊಡಿ" ಎಂಬ ಮಾತು ಮಾತ್ರ ಗಂಟಲಿನಿಂದ ಈಚೆಗೆ ಬರುವುದಿಲ್ಲ. ಹದಿನೈದು ಡಾಲರ್‌ನ ವಸ್ತು. ಅದನ್ನು ಕೇಳಿದರೆ ಜಿಪುಣಿ ಎನಿಸಿಕೊಳ್ಳಬೇಕು, ಕೇಳದಿದ್ದರೆ ದಿವಾಳಿಯೇಳಬೇಕು. ನಾನು ಬಹುಕಾಲ ಎರಡನೆಯದರ ಕಡೆಗೇ ನಡೆದೆ.

ಮೆಲ್ಬರ್ನ್‌ನ ಪಶ್ಚಿಮ ಅಂಚಿನ ಬಡಾವಣೆಯಲ್ಲಿ ನನ್ನದೊಂದು ಫ್ಯಾಮಿಲಿ ಡೇ ಕೇರ್ ಇದೆ. ಎಂದರೆ ಮನೆಯೇ ಶಿಶುವಿಹಾರ, ಗ್ಯಾರೇಜೇ ಉಗ್ರಾಣ; ನಾನೇ ಟೀಚರು, ನಾನೇ ಆಯಾ, ನಾನೇ ಲೆಕ್ಕ ಬರೆಯುವ ಗುಮಾಸ್ತೆ. ಇಲ್ಲಿನ ನಿಯಮದ ಪ್ರಕಾರ ಒಬ್ಬರು ಒಮ್ಮೆಗೆ 7 ಮಕ್ಕಳವರೆಗೆ ನೋಡಿಕೊಳ್ಳಬಹುದು. ಅವರಲ್ಲಿ ಇನ್ನೂ ಶಾಲೆಗೆ ಸೇರದವರು 4ಕ್ಕಿಂತ ಹೆಚ್ಚಿರಕೂಡದು. "ನಾಲ್ಕೇ ಮಕ್ಕಳೇನೇ?" ಎಂದು ದಾವಣಗೆರೆಯ ದೊಡ್ಡಮ್ಮ ಫೋನಿನಲ್ಲಿ ನಗುತ್ತಾರೆ. ನಾಲ್ಕು ಮಕ್ಕಳೆಂದರೆ ಎಂಟು ಕೈ, ಎಂಟು ಕಾಲು, ಎಂಟು ಕಿವಿ, ನಾಲ್ಕು ಕತ್ತು. ಓಡುತ್ತಿರುವಾಗ ಅಷ್ಟಕ್ಕೂ ಕ್ರೀಮು ಬಳಿದು ಬಂದವರು ನಗಲಿ.

ಈ ದೇಶದ ಬಿಸಿಲಿಗೆ ಇವರು ಹೆದರುವುದು ಸುಮ್ಮನೆ ಅಲ್ಲ. ಎಪ್ಪತ್ತು ವರ್ಷ ತುಂಬುವುದರೊಳಗೆ ಇಲ್ಲಿ ಮೂವರಲ್ಲಿ ಇಬ್ಬರಿಗಾದರೂ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಪತ್ತೆಯಾಗುತ್ತದೆಂದು ಇಲ್ಲಿನ ಕ್ಯಾನ್ಸರ್ ಕೌನ್ಸಿಲ್ ಎಂಬ ಸಂಸ್ಥೆ ಹೇಳುತ್ತದೆ. 1981ರಲ್ಲೇ ಒಂದು ಕಡಲಹಕ್ಕಿಯನ್ನು ಟಿವಿಯಲ್ಲಿ ಕುಣಿಸಿ, ಅಂಗಿ ತೊಡಿ, ಕ್ರೀಮು ಬಳಿಯಿರಿ, ಟೋಪಿ ಹಾಕಿ ಎಂದು ಜನರಿಗೆ ಪಾಠ ಮಾಡಿದ್ದರು. 2007ರಲ್ಲಿ ಆ ಪಟ್ಟಿಗೆ ನೆರಳೂ ತಂಪು ಕನ್ನಡಕವೂ ಸೇರಿಕೊಂಡವು. ಅತಿನೇರಳೆ ಕಿರಣದ ಸೂಚ್ಯಂಕ 3 ಮುಟ್ಟಿತೆಂದರೆ ಮಗುವಿನ ಮೈಮೇಲೆ ಕ್ರೀಮು ಇರಲೇಬೇಕು. ಹೊರಗೆ ಬಿಡುವ ಇಪ್ಪತ್ತು ನಿಮಿಷ ಮೊದಲು ಒಂದು ಸಲ, ಆಮೇಲೆ ಎರಡು ಗಂಟೆಗೊಮ್ಮೆ. ಮೆಲ್ಬರ್ನ್‌ನಲ್ಲಿ ಈ 3ರ ಕಾಟ ಆಗಸ್ಟ್ ನಡುವಿನಿಂದ ಏಪ್ರಿಲ್ ಕೊನೆಯವರೆಗೆ.

ಆಗಸ್ಟ್ ಎಂದರೆ ಇಲ್ಲಿ ಹಲ್ಲು ಕಡಿಯುವ ಚಳಿ. ಮೋಡ ಕವಿದಿರುತ್ತದೆ, ದಕ್ಷಿಣದ ಗಾಳಿ ಮೂಗು ಕೊಯ್ಯುತ್ತಿರುತ್ತದೆ, ಮೊಬೈಲ್ ಮಾತ್ರ ಸೂಚ್ಯಂಕ 3 ಎನ್ನುತ್ತಿರುತ್ತದೆ. ನನ್ನನ್ನು ನೋಡಿಕೊಂಡು ಹೋಗಲೆಂದು ಬಂದಿದ್ದ ಅಮ್ಮ, ಮೂರು ಸ್ವೆಟರ್ ತೊಟ್ಟು ಹೀಟರ್ ಮುಂದೆ ಕುಳಿತು, ನಾನು ಮಕ್ಕಳ ಮೂಗಿಗೆ ಬಿಸಿಲಿನ ಕ್ರೀಮು ಹಚ್ಚುವುದನ್ನು ನೋಡಿದರು. "ಬಿಸಿಲೆಲ್ಲಿದೆಯೇ?" ಎಂದರು. ತಾಪ ಬೇರೆ, ಈ ಕಿರಣ ಬೇರೆ, ಚಳಿಯಲ್ಲೂ ಮೋಡದಲ್ಲೂ ಅದು ಇರುತ್ತದೆ ಎಂದು ವಿವರಿಸಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡು, "ನಿನ್ನನ್ನು ಎರಡು ವರ್ಷ ಎಳೆಬಿಸಿಲು ಕಾಯಿಸಿಯೇ ಬೆಳೆಸಿದ್ದು" ಎಂದರು. ಬೆಳೆದ ರೀತಿ ಅವರಿಗೆ ತೃಪ್ತಿ ತಂದಿಲ್ಲವೆಂದು ಮುಖ ಹೇಳುತ್ತಿತ್ತು.

ಲೆಕ್ಕಕ್ಕೆ ಬರುತ್ತೇನೆ. ದೊಡ್ಡವರಿಗೆ ಒಂದು ಸಲಕ್ಕೆ ಏಳು ಟೀ ಚಮಚ ಬೇಕೆಂಬುದು ಇಲ್ಲಿನ ಸಲಹೆ: ಕೈಗೊಂದು, ಕಾಲಿಗೊಂದು, ಎದೆ-ಹೊಟ್ಟೆಗೊಂದು, ಬೆನ್ನಿಗೊಂದು, ಮುಖ-ಕತ್ತು-ಕಿವಿಗೊಂದು. ಒಟ್ಟು 35 ಮಿಲಿ. ಪುಟ್ಟ ಮೈ, ಅರ್ಧ ಮೈ ಬಟ್ಟೆಯೊಳಗೆ, ಆದ್ದರಿಂದ ಮಗುವಿಗೆ ಹತ್ತು ಮಿಲಿ ಎಂದು ನಾನು ಅಂದಾಜು ಮಾಡಿಕೊಂಡೆ. ನಾಲ್ವರಿಗೆ ದಿನಕ್ಕೆ ಎರಡು ಸಲವೆಂದರೆ 80 ಮಿಲಿ. ಅಂಗಡಿಯ 110 ಮಿಲಿ ಟ್ಯೂಬ್ ಎರಡನೆಯ ದಿನದ ಮೊದಲ ಸಲಕ್ಕೇ ಗೊರಗೊರ ಎನ್ನುತ್ತದೆ. ಋತು ಮುಗಿಯುವುದರೊಳಗೆ ಹದಿಮೂರು, ಹದಿನಾಲ್ಕು ಲೀಟರ್. ನಮ್ಮ ಮನೆಯಲ್ಲಿ ಅಡುಗೆ ಎಣ್ಣೆ ಕೂಡ ಅಷ್ಟು ಖರ್ಚಾಗುವುದಿಲ್ಲ. ನಮ್ಮದು ಹಪ್ಪಳ ಕರಿಯುವ ಮನೆ.

ಮೊದಲ ವರ್ಷ ಪ್ರತಿ ಮಗುವಿನ ಟ್ಯೂಬ್ ಅವರವರ ಮನೆಯಿಂದಲೇ ಬರಲಿ, ಮೇಲೆ ಹೆಸರು ಬರೆದಿರಲಿ ಎಂದು ಗೊತ್ತುಮಾಡಿದೆ. ಕಾಗದದ ಮೇಲೆ ಬಹಳ ನ್ಯಾಯವಾದ ಏರ್ಪಾಡು. ಒಬ್ಬ ತಾಯಿ ಕಳಿಸಿದ್ದು ಯಾವುದೋ ಪರಿಶುದ್ಧ ಖನಿಜದ ಕ್ರೀಮು. ಅದನ್ನು ಹಿಂಡಲು ಎರಡೂ ಕೈ ಬೇಕು, ಹರಡಲು ಮಸಾಲೆ ಅರೆದು ಪಳಗಿದ ತೋಳು ಬೇಕು. ಇನ್ನೊಂದು ಮಗುವಿನ ಚೀಲದಲ್ಲಿ ಬಂದ ಟ್ಯೂಬ್‌ನ ಅವಧಿ ಮಗು ಹುಟ್ಟುವ ಮೊದಲೇ ಮುಗಿದಿತ್ತು. ಮೂರನೆಯ ಮಗುವಿಗೆ ಎಕ್ಸಿಮಾ, ಎಂದರೆ ಇಸುಬು. ಅದಕ್ಕೆ ವಾಸನೆಯಿಲ್ಲದ ಬೇರೆಯದೇ ಬಾಟಲಿ, ಬೇರೆಯದೇ ಒಪ್ಪಿಗೆ ಪತ್ರ. ಆ ತಾಯಿಯೊಬ್ಬರೇ ಮುಗಿಯುವ ಮೊದಲೇ ಹೊಸದನ್ನು ತಂದಿಡುತ್ತಿದ್ದರು, ಅವರ ಹೊಟ್ಟೆ ತಣ್ಣಗಿರಲಿ. ನಾಲ್ಕನೆಯವರು ಏನೂ ಕಳಿಸುತ್ತಿರಲಿಲ್ಲ. "ಇವತ್ತು ಮರೆತೆ, ನಿಮ್ಮದರಲ್ಲೇ ಸ್ವಲ್ಪ ಹಚ್ಚಿಬಿಡಿ" ಎನ್ನುತ್ತಿದ್ದರು. ಹೆಪ್ಪಿಗೆ ಒಂದು ಚಮಚ ಮೊಸರು ಕೇಳುವ ಪಕ್ಕದ ಮನೆಯವರ ದನಿಯದು, ಇಲ್ಲ ಎನ್ನುವುದು ಹೇಗೆ? ಒಂದು ಚಮಚವಲ್ಲ ತಾಯಿ, ದಿನಕ್ಕೆ ನಾಲ್ಕು ಚಮಚ, ವಾರಕ್ಕೆ ಒಂದು ಟ್ಯೂಬ್ ಎಂದು ಮನಸ್ಸಿನಲ್ಲೇ ಗುಣಿಸಿಕೊಂಡು "ಅಯ್ಯೋ, ಅದಕ್ಕೇನಂತೆ" ಎನ್ನುತ್ತಿದ್ದೆ. ಆ "ಅದಕ್ಕೇನಂತೆ"ಗೆ ಆ ವರ್ಷ ನಾನು ತೆತ್ತ ಬೆಲೆಯನ್ನು ಮನೆಯವರಿಗೆ ಇನ್ನೂ ತಿಳಿಸಿಲ್ಲ.

ಸ್ವಲ್ಪ ದಿನ ಒಬ್ಬ ತಂದೆ ಸ್ಪ್ರೇ ಡಬ್ಬಿ ಕಳಿಸುತ್ತಿದ್ದರು. ಸ್ಪ್ರೇಯಿಂದ ಮೈಗೆ ಸಾಕಷ್ಟು ಕ್ರೀಮು ಅಂಟುವುದಿಲ್ಲ, ಬೇಡ ಎಂದು ಕ್ಯಾನ್ಸರ್ ಕೌನ್ಸಿಲ್ಲೇ ಹೇಳುತ್ತದೆ. ಮೆಲ್ಬರ್ನ್ ಗಾಳಿಯಲ್ಲಂತೂ ನಾನು ಮಗುವಿಗೆ ಗುರಿಯಿಟ್ಟದ್ದು ಬೇಲಿಯಾಚೆಯ ನಿಂಬೆಗಿಡಕ್ಕೆ ತಾಗುತ್ತಿತ್ತು.

ಮುಂದಿನ ವರ್ಷ ಎಲ್ಲರ ಟ್ಯೂಬ್‌ಗಳಿಗೂ ಕೈಮುಗಿದು, ಒಂದು ಲೀಟರ್‌ನ ಪಂಪ್ ಬಾಟಲಿಗಳನ್ನು ನಾನೇ ಕೊಳ್ಳಲು ಶುರುಮಾಡಿದೆ. ಸುಮಾರು ಮೂವತ್ತು ಡಾಲರ್. ಲೆಕ್ಕ ಹಾಕಿದರೆ ಮಗುವಿಗೆ ದಿನಕ್ಕೆ ಅರವತ್ತು ಸೆಂಟ್, ಸೋವಿಯೇ. ಆದರೆ ಪಂಪ್ ಎಂಬ ಉಪಕರಣವನ್ನು ಕಂಡುಹಿಡಿದ ಪುಣ್ಯಾತ್ಮನಿಗೆ ಮೂರು ವರ್ಷದ ಮಕ್ಕಳಿರಲಿಲ್ಲ ಎಂದು ಕಾಣುತ್ತದೆ. ಒತ್ತಿದರೆ ಬರುತ್ತದೆ, ಮತ್ತೆ ಒತ್ತಿದರೆ ಮತ್ತೆ ಬರುತ್ತದೆ. ಇದಕ್ಕಿಂತ ಒಳ್ಳೆಯ ಆಟದ ಸಾಮಾನನ್ನು ನಾನು ಇಷ್ಟು ವರ್ಷ ದುಡ್ಡು ಕೊಟ್ಟೂ ತಂದಿರಲಿಲ್ಲ. ನಾನು ಒಂದು ಮಗುವಿನ ಡಯಾಪರ್ ಬದಲಿಸುತ್ತಿದ್ದಷ್ಟು ಹೊತ್ತಿನಲ್ಲಿ, ಕಣ್ಣಳತೆಯಲ್ಲೇ, ನಮ್ಮ ಗುಂಪಿನ ಹಿರಿಯಳು ಎನ್ನಬಹುದಾದ ಹುಡುಗಿ ಬೊಂಬೆಗಳನ್ನೆಲ್ಲ ಸಾಲಾಗಿ ಮಲಗಿಸಿ ಕ್ರೀಮು ಬಳಿದಳು. ಬೊಂಬೆಗಳಾದ ಮೇಲೆ ಮರದ ಕುದುರೆ, ಕುದುರೆಯಾದ ಮೇಲೆ ತಾನು, ಆಮೇಲೆ ಅಂಗಳದಲ್ಲಿ ನಿಂತಿದ್ದ ನಮ್ಮ ಯಜಮಾನರ ಕಪ್ಪು ಕಾರು. ಎಷ್ಟು ಶ್ರದ್ಧೆಯ ಕೆಲಸವೆಂದರೆ, "ಇಪ್ಪತ್ತು ನಿಮಿಷ ಕಾಯಬೇಕು" ಎಂದು ಕಾರಿಗೆ ಬುದ್ಧಿಯನ್ನೂ ಹೇಳುತ್ತಿದ್ದಳು.

ಸರಿಯಾಗಿ ಆಗಲೇ ಮೇಲ್ವಿಚಾರಣೆಯ ಸಂಯೋಜಕಿ ಬಂದದ್ದು. ಇವರು ಹೇಳದೆ ಕೇಳದೆ ಬರುತ್ತಾರೆ, ಬರಬೇಕಾದದ್ದೂ ಹಾಗೆಯೇ. ಅಂಗಳವನ್ನು ನೋಡಿದರು, ಬೆಳ್ಳಗೆ ಹೊಳೆಯುತ್ತಿದ್ದ ಹುಡುಗಿಯನ್ನು ನೋಡಿದರು, ಬಾಟಲಿಯನ್ನು ಎತ್ತಿ ಅವಧಿಯ ದಿನಾಂಕ ಓದಿದರು. "ಧಾರಾಳವಾಗಿ ಹಚ್ಚುತ್ತೀರಿ, ಒಳ್ಳೆಯದು" ಎಂದು ಬರೆದುಕೊಂಡರು. ಕಾರಿನ ಬಗ್ಗೆ ವರದಿಯಲ್ಲಿ ಏನೂ ಇರಲಿಲ್ಲ. ಕಾರಿನ ಮೇಲೆ ಮಾತ್ರ ಆ ಐದು ಬೆರಳು ಇವತ್ತಿಗೂ ಇವೆ; ಸನ್‌ಸ್ಕ್ರೀನ್ ಬಿಸಿಲಲ್ಲಿ ಕಾರಿನ ಬಣ್ಣವನ್ನು ತಿನ್ನುತ್ತದೆಂಬುದು ನಮಗೆ ಹಾಗೆ ಗೊತ್ತಾಯಿತು. ತೊಳೆದರೂ ಹೋಗಲಿಲ್ಲ, ಉಜ್ಜಿದರೂ ಹೋಗಲಿಲ್ಲ. ಯಜಮಾನರು ಮೊದಮೊದಲು ಕೂಗಾಡಿ, ಆಮೇಲೆ ಪಾರ್ಕಿಂಗ್ ಜಾಗದಲ್ಲಿ ಕಾರು ಗುರುತು ಹಿಡಿಯುವುದು ಸುಲಭವಾಯಿತು ಎಂದುಕೊಂಡು ಸುಮ್ಮನಾದರು.

ಇವರದ್ದೂ ಒಂದು ಕಥೆಯಿದೆ. ಸೂಪರ್‌ಮಾರ್ಕೆಟ್‌ನಲ್ಲಿ ಅರ್ಧ ಬೆಲೆ ಎಂಬ ಹಳದಿ ಚೀಟಿ ಕಂಡರೆ ಇವರ ವಿವೇಕ ಅಲ್ಲೇ ಟ್ರಾಲಿಯ ಪಕ್ಕ ನಿಂತುಬಿಡುತ್ತದೆ. ಒಮ್ಮೆ ಕಾರಿನ ತುಂಬ ಬಾಟಲಿ ತಂದು ಗ್ಯಾರೇಜಿನಲ್ಲಿ ಜೋಡಿಸಿ, "ಎರಡು ವರ್ಷಕ್ಕೆ ಚಿಂತೆಯಿಲ್ಲ" ಎಂದು ಕೈ ಒರೆಸಿಕೊಂಡರು. ಬಾಟಲಿಯ ಹಿಂದೆ 30 ಡಿಗ್ರಿಗಿಂತ ಕಡಿಮೆ ತಾಪದಲ್ಲಿಡಿ ಎಂದು ಬರೆದಿತ್ತು. ಜನವರಿಯಲ್ಲಿ ನಮ್ಮ ತಗಡಿನ ಬಾಗಿಲಿನ ಗ್ಯಾರೇಜು ಎಂಥದ್ದೆಂದರೆ, ಅಮ್ಮ ಅಲ್ಲಿ ಸಂಡಿಗೆ ಒಣಗಿಸುತ್ತಿದ್ದರು. ತೆರೆದ ಮೊದಲ ಬಾಟಲಿಯಿಂದ ಮೊದಲು ನೀರು ಬಂತು, ಬಹಳ ಹೊತ್ತಿನ ಮೇಲೆ ಗಟ್ಟಿ ಬಂತು. ಮಿಕ್ಕವೂ ಅಷ್ಟೇ. ಸಂಡಿಗೆ ಮಾತ್ರ ಚೆನ್ನಾಗಿ ಒಣಗಿದ್ದವು.

ನಮ್ಮ ಬಣ್ಣದ ಮಕ್ಕಳಿಗೆ ಸತುವಿನ ಕ್ರೀಮು ಹಚ್ಚಿದರೆ ಆಗುವ ರೂಪವನ್ನು ಬರೆದು ತಿಳಿಸುವುದು ಕಷ್ಟ. ನಮ್ಮ ಗುಂಪಿನಲ್ಲಿ ಹುಬ್ಬಳ್ಳಿ ಕಡೆಯ ದಂಪತಿಯ ಒಂದು ಮಗುವಿದೆ. ಮಗು ಮರಳಿನಲ್ಲಿ ಆಡುತ್ತಿದ್ದ ಫೋಟೋವನ್ನು ಎಂದಿನಂತೆ ತಾಯಿಗೆ ಕಳಿಸಿದೆ. ತಾಯಿ ಅದನ್ನು ಊರಿಗೆ ಕಳಿಸಿದರು. ಸಂಜೆ ಬಾಗಿಲಲ್ಲಿ ಆಕೆ ಮುಖ ಸಣ್ಣಗೆ ಮಾಡಿಕೊಂಡು ನಿಂತಿದ್ದರು.

"ಅಕ್ಕಾ, ನಮ್ಮ ಅತ್ತೆ ಬೆಳಗಿನಿಂದ ಫೋನ್ ಮಾಡುತ್ತಿದ್ದಾರೆ. ಮಗು ಬಿಳಿಚಿಕೊಂಡಿದೆ, ರಕ್ತ ಕಡಿಮೆಯಾಗಿದೆ, ಬೀಟ್‌ರೂಟ್ ಕೊಡಿ ಎನ್ನುತ್ತಿದ್ದಾರೆ."

"ಕ್ರೀಮು ಎಂದು ಹೇಳಬೇಕಿತ್ತು."

"ಹೇಳಿದೆ. ಕೂಸಿಗೆ ಈಗಿನಿಂದಲೇ ಪೌಡರು-ಸ್ನೋ ಚಟ ಹತ್ತಿಸಿದ್ದೀರಾ ಎಂದು ಇನ್ನೂ ಜೋರಾದರು."

ಅಂದಿನಿಂದ ಫೋಟೋ ತೆಗೆಯುವುದು ಕ್ರೀಮು ಹಚ್ಚುವುದಕ್ಕೆ ಮೊದಲು. ಬೀಟ್‌ರೂಟ್ ಪಲ್ಯ ಮಾತ್ರ ಆ ಮಗುವಿನ ಡಬ್ಬಿಯಲ್ಲಿ ಬಹಳ ದಿನ ಬರುತ್ತಲೇ ಇತ್ತು.

ಪಲ್ಯದ ಕಲೆ ಎಂದುಕೊಂಡೇ ಅಮ್ಮ ಇನ್ನೊಂದು ಮಗುವಿನ ಬಿಳಿ ಅಂಗಿಯ ಕಾಲರಿಗೆ ಬ್ಲೀಚ್ ಹಾಕಿದ್ದು. ಅದು ಪಲ್ಯದ್ದಾಗಿರಲಿಲ್ಲ. ಈ ಕ್ರೀಮುಗಳಲ್ಲಿ ಏವೊಬೆನ್ಜೋನ್ ಎಂಬ ಪದಾರ್ಥವಿರುತ್ತದೆ. ಒಗೆಯುವ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಎರಡೂ ಕೂಡಿ ತುಕ್ಕಿನ ಬಣ್ಣದ ಕಲೆ ಕಟ್ಟುತ್ತದೆ. ಬ್ಲೀಚ್ ತಾಗಿದರೆ ಆ ಕಲೆ ಹೋಗುವುದಿರಲಿ, ಇನ್ನಷ್ಟು ಗಾಢವಾಗುತ್ತದೆ. ಕಾಲರು ಕಾವಿಯ ಬಣ್ಣಕ್ಕೆ ತಿರುಗಿತು. "ಈಗ ಯಾವ ಮಠಕ್ಕಾದರೂ ಸೇರಿಸಬಹುದು" ಎಂದು ಅಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. ಹೊಸ ಅಂಗಿಯ ಬೆಲೆಯೂ ಸನ್‌ಸ್ಕ್ರೀನ್ ಖಾತೆಗೇ ಬಿತ್ತು.

ಇಷ್ಟೆಲ್ಲ ಖರ್ಚಿನ ನಡುವೆ ಬಾಟಲಿಗಳು ನನ್ನ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿದ್ದವು. ಮಕ್ಕಳನ್ನು ಅನುಮಾನಿಸಿದೆ. ಶನಿವಾರದ ಕ್ರಿಕೆಟ್‌ಗೆ ಹೋಗುವ ಯಜಮಾನರನ್ನು ಹಿಡಿದು ಕೇಳಿದಾಗ, ಅವರು ತಂಡದ ಹನ್ನೊಂದು ಜನರಿಗೂ ಹಂಚುತ್ತಿದ್ದುದು ಹೊರಬಿತ್ತು. ಆದರೂ ಲೆಕ್ಕ ಕೂಡಲಿಲ್ಲ. ಒಂದು ರಾತ್ರಿ ಅಮ್ಮ ತಾವಾಗಿಯೇ ಹೇಳಿದರು: "ನಿನ್ನ ಆ ಪಂಪಿನ ಕ್ರೀಮು ಮಾತ್ರ ಬಹಳ ಒಳ್ಳೆಯದು ಕಣೇ. ನನ್ನ ಹಿಮ್ಮಡಿ ಒಡೆದದ್ದು ಎಷ್ಟು ಮೆತ್ತಗಾಗಿದೆ ನೋಡು." ಕಾಲುಚೀಲ ತೆಗೆದು ತೋರಿಸಿದರು. ಬಾಟಲಿಯ ಮೇಲೆ ಬರೆದಂತೆ ಐವತ್ತು ಪ್ಲಸ್ ರಕ್ಷಣೆಯ ಹಿಮ್ಮಡಿಗಳು, ಸೂರ್ಯನಿಗೆ ಮುಖ ತೋರದೆ, ಹೀಟರ್ ಮುಂದೆ ಹೊಳೆಯುತ್ತಿದ್ದವು.

2025ರ ಜೂನ್‌ನಲ್ಲಿ ಚಾಯ್ಸ್ ಎಂಬ ಗ್ರಾಹಕ ಸಂಸ್ಥೆ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆಗೆ ಹಾಕಿ, ಅವುಗಳಲ್ಲಿ 16 ತಮ್ಮ ಮೇಲೆ ಬರೆದುಕೊಂಡ ರಕ್ಷಣೆಯ ಸಂಖ್ಯೆಯನ್ನು ಮುಟ್ಟಲಿಲ್ಲ ಎಂದು ಪ್ರಕಟಿಸಿತು. ನನ್ನ ಮೊಬೈಲು ಮೇಜಿನ ಮೇಲೆ ಕುಣಿಯತೊಡಗಿತು. ನೀವು ಯಾವುದು ಹಚ್ಚುತ್ತೀರಿ, ಆ ಪಟ್ಟಿಯಲ್ಲಿ ಇದೆಯೇ, ಬದಲಿಸುತ್ತೀರಾ, ಯಾವಾಗ? ಎಲ್ಲಕ್ಕಿಂತ ಮೊದಲು, ಎಲ್ಲಕ್ಕಿಂತ ಉದ್ದವಾಗಿ ಬರೆದವರು ಯಾರೆಂದರೆ, "ನಿಮ್ಮದರಲ್ಲೇ ಸ್ವಲ್ಪ ಹಚ್ಚಿಬಿಡಿ" ಎನ್ನುತ್ತಿದ್ದ ತಾಯಿ. ಜೂನ್‌ನಲ್ಲಿ ಮೆಲ್ಬರ್ನ್‌ನ ಸೂಚ್ಯಂಕ 3ರ ಹತ್ತಿರವೂ ಸುಳಿಯುವುದಿಲ್ಲ, ಕ್ರೀಮಿನ ಬಾಟಲಿ ಕಪಾಟಿನಲ್ಲಿ ನಿದ್ದೆ ಮಾಡುತ್ತಿದೆ ಎಂದು ಎಲ್ಲರಿಗೂ ಒಂದೇ ಉತ್ತರ ಕಳಿಸಿದೆ. ಕಳಿಸುವಾಗ ತಲೆಗೆ ಹೊಳೆಯಿತು: ಇಷ್ಟು ಆಸಕ್ತಿ ಇರುವವರಿಂದ ದುಡ್ಡು ಕೇಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕದು. ಅದೇ ಉತ್ತರದ ಕೆಳಗೆ ಸೇರಿಸಿದೆ. ಆಗಸ್ಟ್‌ನಿಂದ ಕ್ರೀಮು ನನ್ನದೇ, ಒಳ್ಳೆಯದನ್ನೇ ತರುತ್ತೇನೆ, ಮಗುವಿಗೆ ವಾರಕ್ಕೆ ಮೂರು ಡಾಲರ್ ಶುಲ್ಕದಲ್ಲೇ ಸೇರುತ್ತದೆ.

ಒಪ್ಪಿಗೆಯ ಹೆಬ್ಬೆರಳುಗಳು ಒಂದರ ಹಿಂದೊಂದು ಬಂದವು. ಯಾರೂ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡವರು ಅಮ್ಮ ಒಬ್ಬರೇ. "ಮಕ್ಕಳ ಮೈಗೆ ಹಚ್ಚುವುದಕ್ಕೂ ದುಡ್ಡು ಕೇಳಿದೆಯಾ? ನಾವು ಬೀದಿಯ ಮಕ್ಕಳಿಗೆಲ್ಲ ಎಣ್ಣೆ ನೀರು ಹಾಕಿದವರು!" ಎಂದು ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ವರ್ಷದ ತೆರಿಗೆ ಲೆಕ್ಕಕ್ಕೆ ಕುಳಿತಾಗ ಅಕೌಂಟೆಂಟ್ ಸನ್‌ಸ್ಕ್ರೀನ್ ರಸೀದಿಗಳ ಕಟ್ಟನ್ನು ಕೈಯಲ್ಲಿ ತೂಗಿ ನೋಡಿದರು. ಇದಕ್ಕೆ ಇಲ್ಲಿ ಜಿಎಸ್‌ಟಿ ಇಲ್ಲ, ಕೆಲಸಕ್ಕೆ ಬಳಸಿದ್ದನ್ನು ಖರ್ಚೆಂದು ತೋರಿಸಬಹುದು ಎಂದು ಸಮಾಧಾನ ಹೇಳಿ, "ಮನೆಯವರು ಬಳಸಿದ್ದನ್ನು ಮಾತ್ರ ಕಳೆಯಬೇಕು. ಎಷ್ಟು ಪಾಲು ಬರೆದುಕೊಳ್ಳಲಿ?" ಎಂದು ಪೆನ್ನು ತೆಗೆದರು. ಕ್ರಿಕೆಟ್ ತಂಡವನ್ನು ಹೇಳಿದೆ. ಕಾರನ್ನು ಹೇಳಿದೆ; ಕಾರು ಕೆಲಸದ ವೇಳೆಯಲ್ಲಿ, ಕೆಲಸದ ಮಗುವಿನಿಂದಲೇ ಬಳಿಸಿಕೊಂಡಿತ್ತಾದ್ದರಿಂದ ಅದನ್ನು ಅವರು ಬಿಟ್ಟುಕೊಟ್ಟರು. ಹಿಮ್ಮಡಿಯ ವಿಷಯ ಬಂದಾಗ ಪೆನ್ನು ನಿಂತಿತು.

"ನಿಮ್ಮ ತಾಯಿ ಮಕ್ಕಳನ್ನು ನೋಡಿಕೊಳ್ಳಲು ಸಹಾಯ ಮಾಡುತ್ತಾರೆಯೇ?"

"ಸಲಹೆ ಕೊಡುತ್ತಾರೆ."

"ಹಾಗಾದರೆ ಸ್ವಂತ ಬಳಕೆ" ಎಂದು ಬರೆದುಕೊಂಡರು.

ಆ ರಾತ್ರಿ ಇದನ್ನು ಹೇಳಿದಾಗ ಅಮ್ಮ ನಗಲಿಲ್ಲ. ಎದ್ದು ಹೋಗಿ, ಊರಿಗೆ ಒಯ್ಯಲು ಕಟ್ಟಿಟ್ಟಿದ್ದ ಸೂಟ್‌ಕೇಸಿನಿಂದ ಒಂದೊಂದು ಲೀಟರ್‌ನ ಎರಡು ಬಾಟಲಿಗಳನ್ನು ಹೊರತೆಗೆದು ನನ್ನ ಮುಂದೆ ಇಟ್ಟರು. "ದೊಡ್ಡಮ್ಮನಿಗೊಂದು, ನನಗೊಂದು ಇಟ್ಟುಕೊಂಡಿದ್ದೆ. ಇದನ್ನೂ ಬರೆಸಿಬಿಡು" ಎಂದು ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಮತ್ತೆ ಸೀರೆಗಳ ನಡುವೆ ಸೇರಿಸಿ ಜಿಪ್ ಎಳೆದರು.