ನೂರಾ ಹದಿನೈದು ಅಂದ್ರ ಜ್ವರನಾ?

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸಿಗೆ ಬಂದ ಮೊದಲ ಜುಲೈನಲ್ಲಿ ಅವ್ವನಿಗೆ ಫೋನ್ ಮಾಡಿ ‘ಇವತ್ತು ನೂರಾ ಹದಿನೈದು’ ಅಂದೆ. ‘ಯಾರಿಗೆ ಜ್ವರ?’ ಅಂದಳು. ನಮ್ಮನೆಯಲ್ಲಿ ಫ್ಯಾರನ್‌ಹೀಟ್ ಅಂದರೆ ಥರ್ಮಾಮೀಟರ್ ಮಾತ್ರ. 46 ಡಿಗ್ರಿ ಅಂತ ಬಿಡಿಸಿ ಹೇಳಿದೆ. ‘ಹಂಗಾದ್ರ ನಮ್ಮ ರಾಯಚೂರಿಗಿಂತ ಮೂರ್ನಾಕು ಜಾಸ್ತಿ, ಅಷ್ಟ.’

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಊರಲ್ಲಿ ಮಾಳಿಗೆ ಮೇಲೆ ನೀರು ಹೊಡೆದು ಹಾಸಿಗೆ ಹಾಸಿದರೆ ಹನ್ನೊಂದಕ್ಕಾದರೂ ನಿದ್ದೆ ಹತ್ತುತ್ತಿತ್ತು. ಇಲ್ಲಿ ಡಾಂಬರು, ಕಾಂಕ್ರೀಟು ಹಗಲು ಕುಡಿದ ಬಿಸಿಯನ್ನು ರಾತ್ರಿಯೆಲ್ಲ ಕಾರುತ್ತವೆ. 2023ರಲ್ಲಿ ಸತತ 31 ದಿನ 43 ಡಿಗ್ರಿ ದಾಟಿತು. ಜುಲೈ 19ರಂದು ಅತಿ ತಂಪಾದ ಹೊತ್ತಿನಲ್ಲೂ 36! ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ. ಸೀಟ್‌ಬೆಲ್ಟಿನ ಕೊಂಡಿ ತಾಗಿ ತೋಳಿಗೆ ಬರೆ ಬಿದ್ದ ಮೇಲೆ ಕಾರಲ್ಲಿ ಒಂದು ಹಳೇ ಟವೆಲ್ ಇಟ್ಟುಕೊಂಡಿದ್ದೇನೆ.

ಮುನ್ಸೂಚನೆ ಹೇಳುವುದರಲ್ಲಿ ಇವರು ಜಾಣರು. ಇಲ್ಲಿನ ‘ಹೀಟ್‌ರಿಸ್ಕ್’ ನಕ್ಷೆ ಹಗಲಿನ ಬಿಸಿಲಷ್ಟೇ ನೋಡುವುದಿಲ್ಲ. ರಾತ್ರಿ ತಂಪಾಗುತ್ತದಾ, ಈ ಊರಿಗೆ ಈ ತಿಂಗಳಲ್ಲಿ ಇಷ್ಟು ಸೆಕೆ ಮಾಮೂಲಾ ಅಂತ ಲೆಕ್ಕ ಹಾಕಿ ಬಣ್ಣ ಹಚ್ಚುತ್ತದೆ. ನಮ್ಮ ಹವಾಮಾನ ಇಲಾಖೆಯೂ ಈಗ ರಾತ್ರಿ ಸೆಕೆಯ ಎಚ್ಚರಿಕೆ ಕೊಡುತ್ತದೆ, ನಿಜ. ಆದರೆ ಟಿವಿಯವರು ಓದುವುದು ಗರಿಷ್ಠ ಎಷ್ಟು ಅನ್ನೋದೊಂದೇ.

ಇಲ್ಲಿನ ಮಳೆಯದ್ದೂ ಒಂದು ಕಥೆ. ಮೋಡದಿಂದ ಬೂದು ದಾರದ ಹಾಗೆ ಇಳಿಯುತ್ತದೆ, ನೆಲ ಮುಟ್ಟುವುದರೊಳಗೆ ಒಣಗಾಳಿ ಅದನ್ನು ಕುಡಿದುಬಿಡುತ್ತದೆ. ಇದಕ್ಕೆ ‘ವಿರ್ಗಾ’ ಅಂತಾರೆ. ಹನಿ ಆವಿಯಾದಾಗ ಗಾಳಿ ತಣ್ಣಗಾಗಿ, ಭಾರವಾಗಿ, ದಬ್ ಅಂತ ಕೆಳಗೆ ಬೀಳುತ್ತದೆ. ಬಿದ್ದದ್ದು ನಾಲ್ಕೂ ಕಡೆ ನುಗ್ಗಿ ಮರಳೆಬ್ಬಿಸುತ್ತದೆ. ಅದೇ ‘ಹಬೂಬ್’. ಒಮ್ಮೆ ಹೆದ್ದಾರಿಯಲ್ಲಿದ್ದಾಗ ಹಬೂಬ್ ಎಚ್ಚರಿಕೆ ಬಂದು ಫೋನ್ ಕಿರುಚಿಕೊಂಡಿತು. ತಲೆ ಎತ್ತಿದರೆ ಎದುರಿಗೆ ಕಂದು ಗೋಡೆ. ಕಾರು ಬದಿಗೆ ಹಾಕಿ, ಲೈಟ್ ಆರಿಸಿ, ಬ್ರೇಕಿನಿಂದ ಕಾಲು ತೆಗೆದು ಕೂತೆ. ಹಿಂದಿನವರು ಕೆಂಪು ದೀಪ ಹಿಂಬಾಲಿಸಿ ಬಂದು ಗುದ್ದಬಾರದು ಅಂತ ಇಲ್ಲಿ ಹಾಗೆ ಕಲಿಸುತ್ತಾರೆ.

ಇಷ್ಟೆಲ್ಲ ಗೊತ್ತಿದ್ದೂ 2023ರಲ್ಲಿ ಫೀನಿಕ್ಸ್ ಇರುವ ಈ ಕೌಂಟಿಯೊಂದರಲ್ಲೇ (ನಮ್ಮ ಜಿಲ್ಲೆಯ ಹಾಗೆ) ಬಿಸಿಲಿಗೆ ಸತ್ತವರು 645 ಜನ. ಸತ್ತವರನ್ನು ಎಣಿಸುವುದರಲ್ಲೂ ಇವರು ಅಚ್ಚುಕಟ್ಟು. ನಮ್ಮಲ್ಲಿ ಎಷ್ಟೋ ಸಲ ಅದು ಹೃದಯಾಘಾತದ ಖಾತೆಗೆ ಹೋಗುತ್ತದೆ.

ನನ್ನ ಕೇಳಿದರೆ, ಬಿಸಿಲಿಗೆ ಬಗ್ಗಬೇಕಾದ್ದು ಗಡಿಯಾರ. ಬೇಸಿಗೆಗೆ ಅಮೆರಿಕದ ಹೆಚ್ಚಿನ ರಾಜ್ಯಗಳು ಗಡಿಯಾರವನ್ನು ಒಂದು ತಾಸು ಮುಂದಿಟ್ಟರೆ, ಅರಿಜೋನಾ 1968ರಿಂದ ಅದರ ಗೊಡವೆಗೆ ಹೋಗಿಲ್ಲ. ಸೂರ್ಯ ಮುಳುಗುವುದು ಇನ್ನೂ ತಡವಾದರೆ ಯಾರಿಗೆ ಬೇಕು, ಅಲ್ವಾ? ಆದರೂ ಆಫೀಸು ನಡೆಯುವುದು ಎಸಿ ನಂಬಿ, ಮಾಮೂಲಿ ಹೊತ್ತಿಗೇ. ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಇದನ್ನು ಹೇಳಿದರೆ ಇಲ್ಲಿನ ಗೆಳೆಯರು ಬಾಯಿ ಬಿಡುತ್ತಾರೆ.

ಹೋದ ಸಲ ಮೇನಲ್ಲಿ ಊರಿಗೆ ಹೋಗಿದ್ದೆ. ಒಂದೂವರೆಗೆ ಸರಿಯಾಗಿ ಕಚೇರಿಗೆ ಬೀಗ ಬಿತ್ತು. ಎದುರಿನ ರಸ್ತೆಯಲ್ಲಿ ಡಾಂಬರು ಹಾಕುತ್ತಿದ್ದವರು ಆಗಷ್ಟೇ ಬುತ್ತಿ ಕಟ್ಟಿಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಮತ್ತೆ ಸಲಿಕೆ ಹಿಡಿದರು.