ಎಕೋ ನಾರ್ಮಲ್ ಅಂತೆ!

ಇವತ್ತು ತಂಗಿಯನ್ನು ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ, ಮೂವತ್ತೂ ಇರಲಿಕ್ಕಿಲ್ಲ. ತಂಗಿಯ ಹಾಗೆ ಅವಳಿಗೂ ಲೂಪಸ್, ಮೈ ಕಾಯಬೇಕಾದ ರೋಗನಿರೋಧಕ ಶಕ್ತಿ ಮೈಮೇಲೆಯೇ ತಿರುಗಿ ಬೀಳುವ ಕಾಯಿಲೆ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಅಂದಳು. ಅಷ್ಟರಲ್ಲಿ ಅವಳ ಗಂಡ ಫೋನಿನಲ್ಲಿ, "ಏನಿಲ್ಲಮ್ಮ, ಎಕೋ, ಅದೇ ಹೃದಯದ ಸ್ಕ್ಯಾನು, ನಾರ್ಮಲ್. ಟೆನ್ಷನ್ ಅಂತೆ" ಅನ್ನುತ್ತಿದ್ದ. ಮೈ ಉರಿದುಹೋಯಿತು.

ನಮ್ಮ ಮನೆಯಲ್ಲೂ ಇದೇ ಮಾತು ಆರು ತಿಂಗಳು ಓಡಿತ್ತು. ಇಸಿಜಿ ಸರಿ, ಎಕೋ ಸರಿ, ಹಾಗಾದರೆ ಗ್ಯಾಸು. ಗ್ಯಾಸಲ್ವಾ? ಟೆನ್ಷನ್ನು. ಹೆಂಗಸರ ಎದೆಗೆ ಬರುವುದು ಈ ಎರಡೇ ಕಾಯಿಲೆ ನೋಡಿ! ಲೂಪಸ್ ಇರುವ ಹತ್ತರಲ್ಲಿ ಒಂಬತ್ತು ಜನ ಹೆಂಗಸರೇ, ಅದನ್ನು ಯಾರೂ ನೆನಪಿಡುವುದಿಲ್ಲ.

ಎಕೋದಲ್ಲಿ ಹೃದಯ ಹೇಗೆ ಬಡಿಯುತ್ತಿದೆ, ಕವಾಟ ಹೇಗಿದೆ, ಸುತ್ತ ನೀರು ತುಂಬಿದೆಯಾ ಅಂತ ಗೊತ್ತಾಗುತ್ತದೆ. ಸರಿ. ಆದರೆ ಪಂಪು ಚೆನ್ನಾಗಿ ಓಡುತ್ತಿರುವಾಗಲೇ ಹೃದಯದ ಮಾಂಸದೊಳಗೆ ಊತ ಶುರುವಾಗಿರಬಹುದು. ಅದನ್ನು ಹಿಡಿಯುವುದು ಎಂಆರ್‌ಐ. ಊದಿದ ಜಾಗದಲ್ಲಿ ನೀರಿನಂಶ ಜಾಸ್ತಿ, ಅದು ಟಿ2 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಕಾಣುತ್ತದೆ. ಗ್ಯಾಡೋಲಿನಿಯಂ ಅಂತ ಚಿತ್ರ ಸ್ಪಷ್ಟವಾಗಿಸುವ ಔಷಧಿ ಚುಚ್ಚಿ ಹತ್ತು ನಿಮಿಷ ಕಾದರೆ ಗಾಯದ ಕಲೆ ಬೆಳ್ಳಗೆ ಹೊಳೆಯುತ್ತದೆ. ಈ ಚಿತ್ರ ಓದಲು ಲೇಕ್ ಲೂಯಿಸ್ ಮಾನದಂಡ ಅಂತ ಬಂದಿದ್ದೇ 2009ರಲ್ಲಿ, 2018ರಲ್ಲಿ ತಿದ್ದಿದ್ದೂ ಆಯಿತು. ನಿನ್ನೆ ಮೊನ್ನೆಯ ಕಥೆಯಲ್ಲ.

ದುಬಾರಿ ಅಂತೀರಾ? ಹೌದು. ಲೂಪಸ್ ಕಿಡ್ನಿಗೂ ಕೈ ಹಾಕುತ್ತದೆ, ಗ್ಯಾಡೋಲಿನಿಯಂ ಕೊಡುವ ಮುಂಚೆ ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಲೇಬೇಕು, ಅದೂ ಹೌದು. ನೋಡಿ ಮತ್ತೆ! ಮಂಡಿ ನೋವು ಅಂದ ತಕ್ಷಣ ಎಂಆರ್‌ಐ ಬರೆಯುವ ಊರಲ್ಲಿ ಹೃದಯಕ್ಕೆ ಮಾತ್ರ ಯಾಕಪ್ಪ ಇಷ್ಟು ಉಳಿತಾಯ?

ತಂಗಿಯದು ಮುಕ್ಕಾಲು ಗಂಟೆ ಹಿಡಿಯಿತು. ಊದಿದ ಬೆರಳಿನಿಂದ ಕಾಲುಂಗುರ ಬರಲೇ ಇಲ್ಲ, ಕೊನೆಗೆ ಕೈತೊಳೆಯುವ ಸೋಪು ಹಚ್ಚಿ ನಾನೇ ಎಳೆದೆ. ಒಳಗೆ "ಉಸಿರು ತಗೊಳ್ಳಿ, ಬಿಡಿ, ಹಾಗೇ ಹಿಡ್ಕೊಳ್ಳಿ" ಅಂತ ಒಂದೇ ಸಮ ಹೇಳುತ್ತಿದ್ದರಂತೆ. ಉಸಿರೇ ಸಾಲದವಳಿಗೆ! ರಿಪೋರ್ಟಿನಲ್ಲಿ ಹೃದಯದ ಮಾಂಸದಲ್ಲಿ ಊತ ಇತ್ತು. ಸ್ಟಿರಾಯ್ಡ್ ಏರಿಸಿದರು.

ಅದಕ್ಕೆ ಎರಡು ವಾರ ಮುಂಚೆ, ನಮ್ಮ ಮೆಟ್ಟಿಲ ಮೇಲೆ ಕುಸಿದು ಕೂತವಳಿಗೆ "ನಾಟಕ ಸಾಕು, ಏಳೇ" ಅಂದವಳು ನಾನೇ. ಡಾಕ್ಟರನ್ನು ಬೈಯುವಾಗೆಲ್ಲ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇವತ್ತು ಒಂದು ಚೀಟಿಯಲ್ಲಿ 'ಕಾರ್ಡಿಯಾಕ್ ಎಂಆರ್‌ಐ ಬೇಕಾಗಬಹುದಾ ಕೇಳಿ' ಅಂತ ಬರೆದುಕೊಟ್ಟೆ. ಗಂಡ, "ನೀವು ಡಾಕ್ಟ್ರಾ ಮೇಡಂ?" ಅಂದ. ಅಲ್ಲಪ್ಪ, ಬ್ಯಾಂಕಲ್ಲಿ ಕ್ಲರ್ಕು ಅಂದೆ. ಅವನು ನಕ್ಕ. ಅವಳು ಚೀಟಿಯನ್ನು ಮಡಿಸಿ ಫೈಲಿನೊಳಗೆ ಇಟ್ಟುಕೊಂಡಳು.